ಅಂಜುವ ಮೀನಿಗೆ ಹಸುರಿನ ಮರೆ

ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯವು 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹಸ್ತದಿಂದ ಉದ್ಘಾಟಿತವಾದ ಮೇಲೆ, ಗಾಜಿನ ಆಚೆ ಈಸುವ ಮೀನನ್ನು ಈಚೆ ನಿಂತು ನೋಡುವ ಸುಖವು ಈ ಮಹಾನಗರದ ಸಾಮಾನ್ಯ ಜನರಿಗೂ ದೊರೆಯಿತು. ಊರಿನಿಂದ ನೆಂಟರು ಬಂದರೆ ಗೇಟ್‌ವೇಯನ್ನೂ ರಾಣಿಬಾಗನ್ನೂ ತೋರಿಸಿದ ಬಳಿಕ ಚರ್ನಿರೋಡಿನಲ್ಲಿ ಇಳಿದು ಮೀನಿನ ಮನೆಯನ್ನೂ ತೋರಿಸಿ ಕಳುಹುವುದು ಮಾಟುಂಗ, ದಾದರ್, ಘಾಟ್ಕೋಪರಗಳ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಬಹುಕಾಲ ನಡೆದುಬಂದಿದ್ದ ಉಪಚಾರ. ಆ ಸುಖವನ್ನು ಮನೆಗೇ ತಂದುಕೊಳ್ಳಬೇಕೆಂಬ ಆಸೆ ಸಹಜವಾದುದೇ. ಇಂದು ಬೋರಿವಲಿಯಿಂದ ಚೆಂಬೂರಿನವರೆಗೆ ಮನೆಗಳ ಹೊರಕೋಣೆಯಲ್ಲಿಯೂ ಉಡುಪಿ ಹೋಟೆಲುಗಳ ಗಲ್ಲಾದ ಪಕ್ಕದಲ್ಲಿಯೂ ಗಾಜಿನ ತೊಟ್ಟಿಗಳು ಕಣ್ಣಿಗೆ ಬೀಳುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ತೊಟ್ಟಿಗಳನ್ನು ರಚಿಸಿದವರ ಮನಸ್ಸಿನಲ್ಲಿ ಇದ್ದದ್ದು ನೋಡುವವನ ಕಣ್ಣು ಮಾತ್ರ: ತಳದಲ್ಲಿ ನೀಲಿ ಬಣ್ಣದ ಹರಳು, ನಡುವೆ ಗುಳ್ಳೆಯುಗುಳುವ ಪ್ಲಾಸ್ಟಿಕ್ ಕೋಟೆ, ಮೇಲೆ ನಡುರಾತ್ರಿಯವರೆಗೂ ಉರಿಯುವ ದೀಪ, ನಾಲ್ಕು ಕಡೆಗೂ ಬಯಲು. ಇಂತಹ ತೊಟ್ಟಿಗೆ ಸಂಕೋಚಸ್ವಭಾವದ ಮೀನನ್ನು ತಂದು ಬಿಟ್ಟವರು, ಅದು ಫಿಲ್ಟರಿನ ಹಿಂದೆ ಸೇರಿಕೊಂಡದ್ದು ಹೊರಗೆ ಬರುವುದೇ ಇಲ್ಲವೆಂದು ಕೆಲವೇ ದಿನಗಳಲ್ಲಿ ದೂರತೊಡಗುತ್ತಾರೆ. ಮುಂದಿನ ಕೆಲವು ವಾರಗಳಲ್ಲಿ ಆ ಮೀನು ಬಣ್ಣಗೆಟ್ಟು ಬಡವಾಗಿ ಸತ್ತು ತೇಲುವುದೂ ಉಂಟು.

ಈ ದೂರಿಗೆ ಇರುವ ಉತ್ತರ ಕೇಳಲು ವಿಚಿತ್ರವಾಗಿ ತೋರಿದರೂ ಅನುಭವಸಿದ್ಧವಾದುದು. ಅಡಗಲು ಸ್ಥಳವಿಲ್ಲದ ಮೀನು ಇರುವ ಒಂದೇ ಮೂಲೆಯನ್ನು ಬಿಟ್ಟು ಕದಲದು. ಅಡಗಲು ಹತ್ತು ಸ್ಥಳಗಳುಂಟೆಂದು ಬಲ್ಲ ಮೀನು ನಿಶ್ಚಿಂತೆಯಿಂದ ಹೊರಗೆ ಸಂಚರಿಸುತ್ತದೆ. ಹಕ್ಕಿಯ ಕೊಕ್ಕಿಗೂ ದೊಡ್ಡ ಮೀನಿನ ಬಾಯಿಗೂ ಸದಾ ಗುರಿಯಾಗಿರುವ ಈ ಸಣ್ಣ ಪ್ರಾಣಿಗಳಿಗೆ ನೆರಳು, ಬೇರು, ಕಲ್ಲಿನ ಸಂದು, ತರಗೆಲೆಗಳ ರಾಶಿ ಇವೇ ಪ್ರಾಣರಕ್ಷಣೆಯ ಸಾಧನಗಳು. ಅವು ಕೈಗೆಟಕುವಷ್ಟು ಹತ್ತಿರದಲ್ಲಿದ್ದರೆ ಮಾತ್ರ ಮೀನು ಮೇಯುವುದಕ್ಕೂ ಜೊತೆ ಕೂಡುವುದಕ್ಕೂ ಧೈರ್ಯ ತಾಳುತ್ತದೆ. ನಿರಂತರವಾದ ಭಯದಲ್ಲಿರುವ ಮೀನಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಸ್ರಾವವು ಏರುತ್ತದೆ, ಅದರಿಂದ ರೋಗನಿರೋಧಶಕ್ತಿ ಕುಂದುತ್ತದೆ, ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಕಾಣುವ ಬಿಳಿಚುಕ್ಕೆ ರೋಗವು ಮೊದಲು ಹಿಡಿಯುವುದು ಇಂತಹ ಮೀನುಗಳನ್ನೇ. ಆದುದರಿಂದ ಮರೆಯ ತಾಣವನ್ನು ಅಲಂಕಾರವೆಂದು ಎಣಿಸಬಾರದು. ನೀರು, ಆಹಾರ, ಪ್ರಾಣವಾಯುಗಳ ಸಾಲಿನಲ್ಲಿ ಅದಕ್ಕೂ ಸ್ಥಾನವುಂಟು.

ಮೀನನ್ನು ಅದರ ಸ್ವಭಾವದಿಂದ ಅರಿಯಬೇಕೆಂಬುದು ನಮ್ಮ ನಾಡಿಗೆ ಹೊಸ ವಿಚಾರವೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದವೆಂಬ ಪ್ರಕರಣವು ಗಾಳದ ಕ್ರೀಡೆಯನ್ನು ವರ್ಣಿಸತಕ್ಕದ್ದಾದರೂ, ಕಡಲಿನ ಮೀನು ಯಾವುದು, ಹೊಳೆಯದು ಯಾವುದು, ಹುರುಪೆಯುಳ್ಳದ್ದು ಯಾವುದು, ಬರಿಯ ಚರ್ಮದ್ದು ಯಾವುದು, ಯಾವುದಕ್ಕೆ ಏನನ್ನು ಮೇಯಿಸಬೇಕು ಎಂಬುದನ್ನೆಲ್ಲ ವಿವರವಾಗಿ ವಿಂಗಡಿಸಿ ಹೇಳಿದೆ. ಭಾರತದ ಮತ್ಸ್ಯವಿಜ್ಞಾನಿಗಳಲ್ಲಿ ಅಗ್ರಗಣ್ಯರಾದ ಸುಂದರಲಾಲ್ ಹೋರಾ ಅವರು ಆ ಪ್ರಕರಣವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ಲೇಖನ ಪ್ರಕಟಿಸಿದ್ದೂ 1951ರಲ್ಲಿಯೇ.

ನಾಚುವ ಮೀನುಗಳಿಗಾಗಿ ದೂರದ ಅಮೆಜಾನ್ ನದಿಯನ್ನೇ ನೋಡಬೇಕಾಗಿಲ್ಲ. ಪಯಸ್ವಿನಿ, ಕುಮಾರಧಾರಾ, ಬರಪೊಳೆಗಳಂತಹ ಸಹ್ಯಾದ್ರಿಯ ಹೊಳೆಗಳಲ್ಲಿ ಇಂತಹವು ಬೇಕಾದಷ್ಟಿವೆ. 2012ರಲ್ಲಿ ಮತ್ಸ್ಯವಿಜ್ಞಾನಿ ರಾಲ್ಫ್ ಬ್ರಿಟ್ಸ್ ಮತ್ತು ಸಂಗಡಿಗರು ಡಾರಿಯೊ ಯುರೋಪ್ಸ್ ಎಂದು ಹೆಸರಿಟ್ಟು ಲೋಕಕ್ಕೆ ಪರಿಚಯಿಸಿದ ಪುಟ್ಟ ಮೀನು ದೊರೆತದ್ದು ದಕ್ಷಿಣ ಕರ್ನಾಟಕದಲ್ಲಿ ಬರಪೊಳೆಗೆ ಸೇರುವ ತೊರೆಯೊಂದರಲ್ಲಿ. ಮೂರು ಸೆಂಟಿಮೀಟರನ್ನೂ ಮುಟ್ಟದ ಮೈ, ಬಾಲದ ಬುಡದಲ್ಲಿ ಒಂದು ಕಪ್ಪು ಬೊಟ್ಟು, ದಡದ ಬೇರುಗಳ ನಡುವೆ ನಿಶ್ಚಲವಾಗಿ ನಿಂತು ಕಣ್ಣಳತೆಯಲ್ಲಿ ಸುಳಿದ ಹುಳುವನ್ನು ಹಿಡಿಯುವ ಸ್ವಭಾವ. ಇದರ ಬಂಧುವಾದ, ಉತ್ತರ ಬಂಗಾಳ ಮತ್ತು ಅಸ್ಸಾಮಿನ ಕಡೆಯ ಕೆಂಪು ಡಾರಿಯೊವನ್ನೂ, ಎಲ್ಲರೂ ಬಲ್ಲ ಪಟ್ಟೆಪಟ್ಟೆಯ ಜೀಬ್ರಾ ಮೀನನ್ನೂ 1822ರ ತನ್ನ ಗ್ರಂಥದಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್; 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ನಮ್ಮ ಹಳ್ಳಿಗಳ ಬೆಳೆ-ಬದುಕನ್ನು ಬರೆದಿಟ್ಟ ಬುಕಾನನನೇ ಈತ. ಹಾವಿನ ಮರಿಯಂತೆ ಬಳುಕುವ, ಕಲ್ಲಿನ ಕೆಳಗೆ ಗೆಳೆಯರೊಂದಿಗೆ ಒತ್ತೊತ್ತಾಗಿ ಮಲಗುವ ಕೂಲಿ ಲೋಚ್ ಆಗ್ನೇಯ ಏಷ್ಯದ್ದಾದರೂ ಅದರದೇ ಕುಲದ ಪಾಂಜಿಯೊ ಗೋವೆನ್ಸಿಸ್ ಗೋವೆಯ ಹೆಸರನ್ನು ಹೊತ್ತಿದೆ. ದಕ್ಷಿಣ ಕನ್ನಡದ ಹೊಳೆಗಳ ಎಟ್ರೊಪ್ಲಸ್ ಕೆನರೆನ್ಸಿಸ್‌ಗೆ ಕೆನರಾದ ಹೆಸರೇ ಉಂಟು. ಇವುಗಳಲ್ಲಿ ಕೆಲವು ಅಳಿವಿನ ಅಂಚಿನಲ್ಲಿವೆ. ಪಶ್ಚಿಮಘಟ್ಟದ ಕೆಂಪುಗೆರೆಯ ಡೆನಿಸನ್ ಮೀನು ಅಪಾಯಕ್ಕೊಳಗಾದದ್ದಕ್ಕೆ ಅಲಂಕಾರದ ಮೀನಿನ ವ್ಯಾಪಾರವೂ ಒಂದು ಕಾರಣ. ಆದಕಾರಣ ಹೊಳೆಯಿಂದ ಬಲೆಹಾಕಿ ತಂದ ಮೀನನ್ನು ಕೊಳ್ಳದೆ, ತೊಟ್ಟಿಯಲ್ಲಿ ಮರಿಮಾಡಿಸಿ ಬೆಳೆಸಿದ್ದನ್ನೇ ಕೇಳಿ ಕೊಳ್ಳತಕ್ಕದ್ದು. ಊರಿಗೆ ಹೋದಾಗ ತೊರೆಯಿಂದ ನಾಲ್ಕು ಮೀನನ್ನು ಬಾಟಲಿಯಲ್ಲಿ ತುಂಬಿ ತರುವ ಮೋಹವನ್ನೂ ಬಿಡಬೇಕು.

ಇನ್ನು ತೊಟ್ಟಿಯ ಮಾತು. ಗುಂಡುಗಾಜಿನ ಬೋಗುಣಿಯನ್ನು ಯಾರೂ ಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದರಲ್ಲಿ ನೀರು ಕಡಿಮೆ, ಮೇಲ್ಮೈ ಕಿರಿದು, ಮರೆಯೆಂಬುದು ಇಲ್ಲವೇ ಇಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರು ನೀರು ಹಿಡಿಯುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರವಾದರೆ ಸುಮಾರು 190 ಲೀಟರು. ನೀರು ಹೆಚ್ಚಿದಷ್ಟೂ ಅದರ ಗುಣ ಸ್ಥಿರವಾಗಿರುವುದರಿಂದ ಸ್ಥಳವಿದ್ದವರು ದೊಡ್ಡದನ್ನೇ ಆರಿಸುವುದು ಲೇಸು. ಒಂದು ಲೀಟರು ನೀರೆಂದರೆ ಒಂದು ಕಿಲೋ ತೂಕ. ಕಲ್ಲು, ಮರಳು, ಗಾಜು ಸೇರಿದರೆ ಆ ಮೂರಡಿಯ ತೊಟ್ಟಿ 250 ಕಿಲೋಗೆ ಸಮೀಪಿಸುತ್ತದೆ. ಗಿರಗಾಂವಿನ ಹಳೆಯ ಚಾಳುಗಳ ಮರದ ಅಟ್ಟದ ಮೇಲೆ ಇದನ್ನು ಇಡುವುದು ಸರ್ವಥಾ ಸಲ್ಲದು. ಕಾಂಕ್ರೀಟಿನ ಮನೆಯಲ್ಲಾದರೂ ಗೋಡೆಗೆ ಒತ್ತಿ, ತೊಲೆಯ ನೇರಕ್ಕೆ ಇಡುವುದೇ ಕ್ಷೇಮ. ಬಾಗಿಲಿನ ಬಳಿ, ಟೆಲಿವಿಷನ್ನಿನ ಪಕ್ಕ, ಬಿಸಿಲು ಬೀಳುವ ಕಿಟಕಿಯ ಎದುರು ಬೇಡ. ಜನರ ಓಡಾಟದಿಂದ ಅಂಜುಬುರುಕ ಮೀನು ಕಂಗೆಡುತ್ತದೆ, ಬಿಸಿಲಿನಿಂದ ಪಾಚಿ ಹಬ್ಬುತ್ತದೆ. ಹಿಂಬದಿಯ ಗಾಜಿಗೂ ಎರಡು ಪಕ್ಕದ ಗಾಜುಗಳಿಗೂ ಹೊರಗಿನಿಂದ ಕಪ್ಪು ಕಾಗದವನ್ನು ಅಂಟಿಸಿ ಮುಂದಿನದೊಂದನ್ನೇ ತೆರೆದಿಟ್ಟರೆ ಮೀನಿನ ಅರ್ಧ ಅಂಜಿಕೆ ಅಲ್ಲಿಗೇ ಕಳೆಯಿತು.

ನೀರಿನ ವಿಷಯದಲ್ಲಿ ಮುಂಬಯಿಗರು ಭಾಗ್ಯಶಾಲಿಗಳು. 1860ರ ವಿಹಾರ ಸರೋವರ, 1892ರ ತಾನ್ಸಾ, ಅನಂತರದ ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳಲ್ಲಿ ನಿಂತು ನಮ್ಮ ನಲ್ಲಿಗೆ ಬರುವುದು ಕಪ್ಪುಶಿಲೆಯ ಬೆಟ್ಟಗಳ ಮೇಲೆ ಸುರಿದ ಮಳೆಯ ನೀರು. ಸುಣ್ಣದ ಅಂಶ ಅದರಲ್ಲಿ ಅಲ್ಪ, ಆದುದರಿಂದ ಅದು ಮೆದು ನೀರು. ಸಹ್ಯಾದ್ರಿಯ ತೊರೆಯ ಮೀನಿಗೂ ಆಗ್ನೇಯ ಏಷ್ಯದ ಕಾಡಿನ ಮೀನಿಗೂ ಒಪ್ಪುವುದು ಇಂತಹ ನೀರೇ. ಟ್ಯಾಂಕರಿನ ಅಥವಾ ಬೋರ್‌ವೆಲ್ಲಿನ ನೀರನ್ನು ಬೆರೆಸುವ ಸೊಸೈಟಿಗಳಲ್ಲಿ ಮಾತ್ರ ಈ ಮಾತು ನಡೆಯದು. ಅಲ್ಲಿ ಮೊದಲು ನೀರಿನ ಗಡಸುತನವನ್ನು ಪರೀಕ್ಷಿಸಬೇಕು. ಮಹಾನಗರಪಾಲಿಕೆಯು ನಮ್ಮ ಆರೋಗ್ಯಕ್ಕಾಗಿ ಬೆರೆಸುವ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಹೈಪೋ ಹರಳನ್ನೋ ಕ್ಲೋರಿನ್ ತೆಗೆಯುವ ದ್ರಾವಣವನ್ನೋ ಅಳತೆಯಂತೆ ಬೆರೆಸದೆ ನಲ್ಲಿಯ ನೀರನ್ನು ತೊಟ್ಟಿಗೆ ಸುರಿಯಕೂಡದು. ಬಿಸಿಮಾಡುವ ಹೀಟರು ನಮ್ಮ ಹವೆಯಲ್ಲಿ ಬಹುತೇಕ ಅನಾವಶ್ಯಕ, ರಾತ್ರಿಯೆಲ್ಲ ಏಸಿ ಓಡುವ ಕೋಣೆಯೊಂದನ್ನು ಬಿಟ್ಟು. ಮೇ ತಿಂಗಳ ಸೆಕೆಯೇ ಹೆಚ್ಚು ಕಷ್ಟಕರ. ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುವುದರಿಂದ ಆಗ ಮೀನು ಕಡಿಮೆಯಿರಲಿ, ನೀರಿನ ಮೇಲ್ಮೈ ಸದಾ ಕದಲುತ್ತಿರಲಿ.

ತಳಹಾಸಿಗೆ ಕೊಂಕಣದ, ಕರಾವಳಿಯ ಕೆಮ್ಮಣ್ಣಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಗೊಬ್ಬರ ಸೋಕದ ಕೆಮ್ಮಣ್ಣನ್ನು ಜರಡಿ ಹಿಡಿದು ಒಂದಂಗುಲ ಹಾಸಿ, ಅದರ ಮೇಲೆ ತೊಳೆದ ಕಪ್ಪು ಅಥವಾ ಕಂದು ಮರಳನ್ನು ಎರಡಂಗುಲ ಮುಚ್ಚಿದರೆ, ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಿಡದ ಬೇರಿಗೆ ದೊರೆಯುತ್ತದೆ, ನೀರೂ ಕದಡುವುದಿಲ್ಲ. ಜುಹುವಿನ ಅಥವಾ ಚೌಪಾಟಿಯ ಕಡಲಮರಳು ಬೇಡ. ಅದರಲ್ಲಿರುವ ಉಪ್ಪೂ ಚಿಪ್ಪಿನ ಪುಡಿಯೂ ನೀರನ್ನು ಕೆಡಿಸುತ್ತವೆ. ಬಿಳಿಯ ತಳವಂತೂ ಸಂಕೋಚದ ಮೀನಿಗೆ ಶಿಕ್ಷೆಯೇ ಸರಿ.

ಮರೆಯ ತಾಣಗಳನ್ನು ನಿರ್ಮಿಸುವುದರಲ್ಲಿಯೇ ಈ ಕಲೆಯ ಸಾರವೆಲ್ಲ ಇರುವುದು. ಮೊದಲು ಕಲ್ಲು. ಕಪ್ಪುಶಿಲೆಯ ಉರುಟುಕಲ್ಲುಗಳು ನೀರಿಗೆ ಏನನ್ನೂ ಬಿಡುವುದಿಲ್ಲ; ಅಮೃತಶಿಲೆ, ಸುಣ್ಣಕಲ್ಲು, ಹವಳ, ಚಿಪ್ಪುಗಳು ನೀರನ್ನು ಗಡಸುಗೊಳಿಸುತ್ತವೆ. ಕಲ್ಲಿನ ಮೇಲೆ ನಿಂಬೆರಸದ ಎರಡು ಹನಿ ಬಿಟ್ಟು ನೋಡಿದಾಗ ನೊರೆಯೆದ್ದರೆ ಅದನ್ನು ದೂರವಿಡಬೇಕು. ಭಾರವಾದ ಕಲ್ಲನ್ನು ಮರಳಿನ ಮೇಲಿಡದೆ ತಳದ ಗಾಜಿಗೇ ತಾಗುವಂತೆ ಊರಿ, ಅನಂತರ ಮರಳು ಹಾಕಬೇಕು. ಇಲ್ಲವಾದರೆ ಮರಳು ಕೆದಕುವ ಮೀನಿನ ಮೇಲೆ ಕಲ್ಲು ಕುಸಿದೀತು. ಮುಂದೆ ತೆಂಗಿನ ಕರಟ. ನಾರು ಕೆರೆದ ಅರ್ಧ ಕರಟವನ್ನು ನೀರು ಬದಲಿಸುತ್ತ ಎರಡು ಮೂರು ಬಾರಿ ಕುದಿಸಿ, ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ನೆನೆಹಾಕಿ, ಅಂಚಿನಲ್ಲಿ ಎರಡು ಕಡೆ ಬೆರಳು ತೂರುವಷ್ಟು ಕಂಡಿ ಕೊರೆದು ಬೋರಲು ಹಾಕಿದರೆ ಅದಕ್ಕಿಂತ ಉತ್ತಮವಾದ ಗುಹೆ ಪೇಟೆಯಲ್ಲಿ ಸಿಗದು. ಎರಡು ಕಂಡಿಗಳೇಕೆಂದರೆ, ಹಿತ್ತಿಲ ಬಾಗಿಲಿಲ್ಲದ ಮನೆಯಂತೆ ಒಂದೇ ಬಾಯಿಯ ಗುಹೆಯಲ್ಲಿ ಬಲಶಾಲಿಯಾದ ಮೀನು ಬಾಗಿಲಿಗೆ ಅಡ್ಡನಿಂತರೆ ಒಳಗಿನದಕ್ಕೆ ಗತಿಯಿಲ್ಲ. ಒಡೆದ ಮಣ್ಣಿನ ಕುಡಿಕೆಯ ಚೂಪು ಅಂಚುಗಳನ್ನು ಕಲ್ಲಿಗೆ ಉಜ್ಜಿ ನಯಗೊಳಿಸಿ ಪಕ್ಕಕ್ಕೆ ಮಲಗಿಸಬಹುದು. ಗುಹೆಗಳ ಸಂಖ್ಯೆ ಅವುಗಳನ್ನು ಬಯಸುವ ಮೀನುಗಳ ಸಂಖ್ಯೆಗಿಂತ ಯಾವಾಗಲೂ ಹೆಚ್ಚಿರಲಿ; ಒಂದರ ಬಾಯಿ ಇನ್ನೊಂದರ ಬಾಯಿಗೆ ಎದುರಾಗದಿರಲಿ. ನಡುವೆ ಒಂದು ಕೊರಡನ್ನೋ ಪೊದೆಯನ್ನೋ ಅಡ್ಡವಿಟ್ಟರೆ ಪರಸ್ಪರ ನೋಟ ತಪ್ಪುತ್ತದೆ, ಕಾದಾಟವೂ ತಗ್ಗುತ್ತದೆ.

ಇವೆಲ್ಲಕ್ಕಿಂತ ಸುಲಭವಾದ, ಖರ್ಚಿಲ್ಲದ ಮರೆಯೊಂದು ಮುಂಬಯಿಯ ರಸ್ತೆಗಳಲ್ಲಿ ಬಿದ್ದಿರುತ್ತದೆ. ಚಳಿಗಾಲದ ಕೊನೆಯಲ್ಲಿ ಕಾಡುಬಾದಾಮಿಯ ಮರಗಳು ಎಲೆಗಳನ್ನು ಕೆಂಪಾಗಿಸಿ ಉದುರಿಸುತ್ತವೆ. ವಾಹನಗಳ ಹೊಗೆ ತಾಗದ ಸೊಸೈಟಿಯ ಅಂಗಳದಿಂದಲೋ ಉದ್ಯಾನದಿಂದಲೋ ಔಷಧಿ ಸಿಂಪಡಿಸದ ಮರದ ಒಣಗಿದ ಎಲೆಗಳನ್ನು ಆಯ್ದು, ತೊಳೆದು, ಕುದಿನೀರಿನಲ್ಲಿ ಅದ್ದಿ ಮುಳುಗಿಸಿದರೆ, ಒಂದೆರಡು ದಿನಗಳಲ್ಲಿ ಅವು ತಳಕ್ಕಿಳಿದು ಒಂದರ ಮೇಲೊಂದು ಒರಗುತ್ತವೆ. ನೀರು ತಿಳಿಯಾದ ಚಹದ ಬಣ್ಣಕ್ಕೆ ತಿರುಗುತ್ತದೆ; ಎಲೆಯ ಒಗರು ನೀರನ್ನು ಅತ್ಯಲ್ಪವಾಗಿ ಆಮ್ಲಗೊಳಿಸುತ್ತದೆ, ಬೆಳಕಿನ ತೀಕ್ಷ್ಣತೆಯನ್ನೂ ತಗ್ಗಿಸುತ್ತದೆ. ವಾರಗಳು ಕಳೆದಂತೆ ಎಲೆಯ ಮೃದುಭಾಗವೆಲ್ಲ ಕರಗಿ ನರಗಳ ಜಾಲರಿಯೊಂದೇ ಉಳಿಯುವಾಗ, ಅದರ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳು ಮರಿಗಳಿಗೆ ಮೊದಲ ಆಹಾರವಾಗುತ್ತವೆ. ಸಂಜೆ ದೀಪವಾರಿಸಿ ಸ್ವಲ್ಪ ಹೊತ್ತು ಅಲುಗದೆ ಕುಳಿತವರಿಗೆ ಕಾಣುವುದಿದು: ಎಲೆಯ ಅಂಚು ಮೆಲ್ಲನೆ ಮೇಲೇಳುತ್ತದೆ, ಕೂಲಿ ಲೋಚಿನ ಮೀಸೆಗಳು ಮೊದಲು ಹೊರಬಂದು ಮರಳನ್ನು ತಡವುತ್ತವೆ, ಹಿಂದೆಯೇ ಹಳದಿ-ಕಪ್ಪು ಪಟ್ಟೆಯ ಮೈ ಜಾರಿಬರುತ್ತದೆ, ಒಂದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಹಗಲೆಲ್ಲ ಬರಿದಾಗಿ ಕಂಡ ತಳ ಹತ್ತು ನಿಮಿಷದಲ್ಲಿ ತುಂಬುತ್ತದೆ.

ಗಿಡಗಳನ್ನು ಆರಿಸುವಾಗ ಮಂದ ಬೆಳಕಿನಲ್ಲಿ ಬಾಳತಕ್ಕವನ್ನೇ ಆರಿಸಬೇಕು. ಜಾವಾ ಫರ್ನ್, ಅನೂಬಿಯಾಸ್‌ಗಳ ಗೆಡ್ಡೆಯನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ. ದಾರದಿಂದ ಕೊರಡಿಗೆ ಕಟ್ಟಿದರೆ ತಾನೇ ಬೇರು ಕಚ್ಚಿಕೊಳ್ಳುತ್ತದೆ. ಮರಳಿನಲ್ಲಿ ನೆಡುವುದಕ್ಕೆ ಕ್ರಿಪ್ಟೊಕೊರೈನ್ ಅತ್ಯುತ್ತಮ. ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿಯೂ ಇದರ ಪ್ರಭೇದಗಳಿವೆ. ನೆಟ್ಟ ಹೊಸದರಲ್ಲಿ ಇದರ ಎಲೆಗಳೆಲ್ಲ ಕರಗಿ ಹೋಗುವುದನ್ನು ಕಂಡು ಗಿಡ ಸತ್ತಿತೆಂದು ಕಿತ್ತೆಸೆಯುವವರು ಬಹಳ. ಬೇರನ್ನು ಮುಟ್ಟದೆ ಬಿಟ್ಟರೆ ಕೆಲವು ವಾರಗಳಲ್ಲಿ ಹೊಸ ಚಿಗುರು ಬರುತ್ತದೆ. ಹಿಂಬದಿಗೆ ವ್ಯಾಲಿಸ್ನೇರಿಯಾದ ಉದ್ದನೆಯ ಗರಿಗಳು, ಸಂದುಗಳಿಗೆ ಜಾವಾ ಹಾವಸೆ, ಮೇಲೆ ಒಂದಷ್ಟು ಅಂತರಗಂಗೆ. ತೇಲುವ ಗಿಡದ ಜೋಲುವ ಬೇರುಗಳು ಕೊಡುವ ನೆರಳು ಅಂಜುಬುರುಕ ಮೀನಿಗೆ ಬಲು ಪ್ರಿಯ. ಆದರೆ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚನ್ನು ಅವು ಆವರಿಸದಂತೆ ಆಗಾಗ ತೆಗೆಯುತ್ತಿರಬೇಕು. ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಜಪಾನಿನ ತಕಾಶಿ ಅಮಾನೊ ಅವರ ಮಾರ್ಗವನ್ನು ಅನುಸರಿಸಿ, ನಾಲ್ಕಾರು ಕಲ್ಲು ಮತ್ತು ಹುಲ್ಲುಹಾಸಿನಿಂದಲೇ ರಚಿಸಿದ ತೊಟ್ಟಿಗಳು ಅತಿಸುಂದರವಾದುವು ನಿಜ, ಆದರೆ ಆ ತೆರೆದ ಬಯಲು ಗುಂಪಿನಲ್ಲಿ ಈಸುವ ಮೀನಿಗೆ ತಕ್ಕದ್ದು. ನಾಚುವ ಮೀನಿಗೆ ಸ್ವಲ್ಪ ಕಾಡಾದ, ಸ್ವಲ್ಪ ಅಸ್ತವ್ಯಸ್ತವಾದ ತೊಟ್ಟಿಯೇ ಬೇಕು.

ಗಿಡ ನೆಟ್ಟು ನೀರು ತುಂಬಿದ ದಿನವೇ ಮೀನು ತರುವ ಆತುರದಿಂದ ಆಗುವಷ್ಟು ಹಾನಿ ಮತ್ತಾವುದರಿಂದಲೂ ಆಗದು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವು ವಿಷ. ಅದನ್ನು ನೈಟ್ರೈಟಾಗಿ, ಅದನ್ನು ಮತ್ತೆ ಹೆಚ್ಚು ನಿರಪಾಯಕರವಾದ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲಿಯೂ ಮರಳಿನಲ್ಲಿಯೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅಗ್ಗ, ಅದರ ಸೆಳೆತ ಮೃದು, ಮರಿಗಳನ್ನು ಅದು ನುಂಗುವುದಿಲ್ಲ. ವಿದ್ಯುತ್ ಬಹುದೀರ್ಘವಾಗಿ ನಿಂತರೆ ಈ ಜೀವಿಗಳಿಗೂ ಉಸಿರಿಲ್ಲದಂತಾಗುತ್ತದೆ. 2020ರ ಅಕ್ಟೋಬರ್ 12ರಂದು ಮುಂಬಯಿಯ ವಿದ್ಯುತ್ತೇ ಸ್ತಬ್ಧವಾದದ್ದನ್ನು ನೆನೆದವರು ಬ್ಯಾಟರಿಯ ಪಂಪೊಂದನ್ನು ಮನೆಯಲ್ಲಿರಿಸಿಕೊಳ್ಳುವರು.

ಕ್ರಾಫರ್ಡ್ ಮಾರ್ಕೆಟ್ಟಿನಿಂದಲೋ ಕುರ್ಲಾದಿಂದಲೋ ತಂದ ಮೀನಿನ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಸೇರಿಸಿ, ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಬೇಕು; ಆ ದಿನ ದೀಪ ಬೇಡ. ಕೂಲಿ ಲೋಚ್‌ಗಳನ್ನು ಆರಕ್ಕೆ ಕಡಿಮೆ ತರಬಾರದು, ಒಂಟಿಯಾದರೆ ಅವು ಕಾಣಿಸಿಕೊಳ್ಳುವುದೇ ಇಲ್ಲ. ಮೂರಡಿಯ ತೊಟ್ಟಿಯಲ್ಲಿ ಎಂಟು ಹತ್ತು ಜೀಬ್ರಾ ಮೀನುಗಳ ತಂಡವೊಂದು ಮೇಲಿನ ನೀರಿನಲ್ಲಿ ನಿರ್ಭಯವಾಗಿ ಓಡಾಡುತ್ತಿದ್ದರೆ, ಕೆಳಗಿನ ಅಂಜುಬುರುಕರು ಅದನ್ನು ನೋಡಿಯೇ ಅಪಾಯವಿಲ್ಲವೆಂದು ತಿಳಿಯುತ್ತಾರೆ. ಡಾರಿಯೊದಂತಹ ಮೆಲ್ಲಗೆ ತಿನ್ನುವ ಮೀನಿಗೆ ಮಾತ್ರ ಇಂತಹ ಚುರುಕಿನ ಸಂಗಡಿಗರು ಸಲ್ಲರು, ತುತ್ತೆಲ್ಲವನ್ನೂ ಅವೇ ಕಸಿಯುತ್ತವೆ. ಅದಕ್ಕೆ ಬೇರೆ ತೊಟ್ಟಿಯನ್ನು ಮಾಡಿ, ಸಣ್ಣ ಜೀವಂತ ಆಹಾರವನ್ನು ಒದಗಿಸಬೇಕು. ತಳದ ಮೀನಿಗೆ ಮುಳುಗುವ ಆಹಾರವನ್ನು ದೀಪವಾರಿದ ಮೇಲೆ ಹಾಕಬೇಕು. ಮೀನು ಮರೆಯಲ್ಲಿದೆಯೆಂದು ಕಲ್ಲನ್ನೆತ್ತಿ ನೋಡುವ ಚಟವನ್ನು ಮಕ್ಕಳಿಗಿಂತ ಮೊದಲು ಹಿರಿಯರು ಬಿಡಬೇಕು. ಆದರೆ ಅಡಗಿದ ಮೀನಿನ ರೆಕ್ಕೆ ಮುದುಡಿದ್ದರೆ, ಹೊಟ್ಟೆ ಒಳಸೇರಿದ್ದರೆ, ಕಿವಿರು ರಭಸದಿಂದ ಆಡುತ್ತಿದ್ದರೆ ಅದು ಸಂಕೋಚವಲ್ಲ, ಕಾಯಿಲೆ. ಕೂಡಲೆ ನೀರನ್ನು ಪರೀಕ್ಷಿಸಿ ಕಾಲುಭಾಗವನ್ನು ಬದಲಿಸತಕ್ಕದ್ದು.

ಕೊನೆಯದಾಗಿ ಓದುಗರಲ್ಲಿ ಒಂದು ವಿಜ್ಞಾಪನೆ. ತೊಟ್ಟಿಯನ್ನು ಶುಚಿಮಾಡುವುದೆಂದು ಹೇಳಿ ಮಾರುವ ಸಕರ್ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ; ಹಾಗೆ ಬೆಳೆದುದನ್ನು ಸಾಕಲಾರದೆ ಜನರು ಕೆರೆಗೆ ಬಿಟ್ಟುದರಿಂದಲೇ ದಕ್ಷಿಣ ಅಮೆರಿಕದ ಈ ಮೀನು ಇಂದು ಭಾರತದ ಎಷ್ಟೋ ಜಲಾಶಯಗಳಲ್ಲಿ ಹರಡಿ ನಮ್ಮ ಮೀನುಗಳ ನೆಲೆಯನ್ನು ಕಸಿದುಕೊಳ್ಳುತ್ತಿದೆ. ಪವಾಯಿ ಸರೋವರವು ಹೊರನಾಡಿನ ತೇಲುಗಿಡದ ಹಾವಳಿಯಿಂದ ಈಗಲೇ ಬಳಲಿದೆ. ನಿಮಗೆ ಹೆಚ್ಚಾದ ಮೀನನ್ನೂ ಕತ್ತರಿಸಿದ ಗಿಡವನ್ನೂ ಕೆರೆಗಾಗಲಿ ನಾಲೆಗಾಗಲಿ ಬಿಡಬೇಡಿರಿ. ಮೀನನ್ನು ಅಂಗಡಿಯವನಿಗೆ ಅಥವಾ ಇನ್ನೊಬ್ಬ ಸಾಕುವವನಿಗೆ ಕೊಡಿರಿ, ಗಿಡವನ್ನು ಪೂರ್ತಿಯಾಗಿ ಒಣಗಿಸಿ ಹೂವಿನ ಕುಂಡದ ಮಣ್ಣಿಗೆ ಸೇರಿಸಿರಿ.